ಸಿಗಾರ್ ಹತ್ತಿಕೊಂಡಿತು, ಕನ್ನಡ ಆರಿಹೋಯಿತು!



ಕಳೆದ ತಿಂಗಳು, ಒಂದು ಭಾನುವಾರ ಸಂಜೆ. ಬಸವೇಶ್ವರನಗರದ ಒಂದು ಮನೆಯ ತಾರಸಿ. ಅಮೆರಿಕಾದ ಟ್ಯಾಂಪಾ ಎಂಬ ಊರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ರಜಕ್ಕೆ ಬಂದಿದ್ದ. ಬರುವಾಗ ಒಂದು ಮರದ ಪೆಟ್ಟಿಗೆ ತುಂಬ ಸಿಗಾರು ತಂದಿದ್ದ. ಅವನ ಕಾಲೇಜು ಗೆಳೆಯರು ನಾಲ್ಕು ಜನ ಸೇರಿದ್ದರು. ಬಕೆಟ್ಟಿನ ತುಂಬ ಐಸು, ಐಸಿನ ನಡುವೆ ಬಿಯರ್ ಬಾಟಲಿಗಳು. ‘ಮಾವ, ನೀವೂ ಬನ್ನಿ’ ಎಂದು ಕರೆದ. ಹೋದೆ.

ಹುಡುಗರೆಲ್ಲ ಅಪ್ಪಟ ಬೆಂಗಳೂರು ಕನ್ನಡದವರು. ಆರ್‌ಸಿಬಿ ಬಗ್ಗೆ ಕಿತ್ತಾಟ ಕನ್ನಡದಲ್ಲಿ. ಮನೆ ಬಾಡಿಗೆಯ ಗೋಳು ಕನ್ನಡದಲ್ಲಿ. ಆಫೀಸಿನ ಬಾಸಿಗೆ ಬೈಗುಳವಂತೂ ಸೊಗಸಾದ ಕನ್ನಡದಲ್ಲಿ! ಅಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆಯಿತು. ಸಿಗಾರಿನ ತುದಿ ಕತ್ತರಿಸಿದರು. ಬೆಂಕಿ ತಾಗಿಸಿದರು. ಅಷ್ಟೇ ನೋಡಿ... ಯಾರೋ ಸ್ವಿಚ್ ಒತ್ತಿದ ಹಾಗೆ ಐದೂ ಜನರ ನಾಲಿಗೆ ಇಂಗ್ಲಿಷಿಗೆ ಹೊರಳಿತು. ಒಬ್ಬ ‘ನೋಟ್ಸ್ ಆಫ್ ಲೆದರ್’ ಅಂದ. ಇನ್ನೊಬ್ಬ ‘ಸೀಡರ್, ಡಾರ್ಕ್ ಚಾಕೊಲೇಟ್’ ಅಂದ. ಮೂರನೆಯವನು ಬಿಯರ್ ಗುಟುಕರಿಸಿ, ಕಣ್ಣು ಅರೆಮುಚ್ಚಿ, ‘ಪರ್ಫೆಕ್ಟ್ ಪೇರಿಂಗ್’ ಎಂದು ತೀರ್ಪು ಕೊಟ್ಟ. ನಾಲ್ಕನೆಯವನು ಮೊಬೈಲಿನಲ್ಲಿ ಏನೋ ಓದಿಕೊಂಡು ಅದನ್ನೇ ಒಪ್ಪಿಸಿದ.

ನಾನು ಕೇಳಿದೆ, ‘ಲೋ, ಈಗ ಹೇಳಿದ್ರಲ್ಲ, ಅದನ್ನೇ ಕನ್ನಡದಲ್ಲಿ ಹೇಳ್ರೋ ನೋಡೋಣ.’

ತಾರಸಿ ಮೌನವಾಯಿತು. ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ನಗುತ್ತ ಹೇಳಿದ, ‘ಅಂಕಲ್, ಇದಕ್ಕೆಲ್ಲಾ ಕನ್ನಡದಲ್ಲಿ ಪದ ಎಲ್ಲಿದೆ?’

ಗೆಳೆಯರೇ, ನನಗೆ ಸಿಟ್ಟು ಬಂದದ್ದು ಸಿಗಾರಿಗಲ್ಲ, ಬಿಯರಿಗಲ್ಲ. ಈ ಒಂದು ಮಾತಿಗೆ. ಘಾಟು, ಕಮಟು, ಸೊಗಡು ಎಂದು ಒಂದೊಂದು ವಾಸನೆಗೆ ಒಂದೊಂದು ಹೆಸರಿಟ್ಟ ಭಾಷೆ ನಮ್ಮದು. ಮೂಗಿನ ಕೆಳಗೆ ಬಂದ ಹೊಗೆಗೆ ಹೆಸರು ಹೇಳಲು ಈ ಭಾಷೆಗೆ ಗತಿಯಿಲ್ಲವೇ? ಪದ ಇಲ್ಲವೋ, ಪದ ಹುಡುಕುವ ಮನಸ್ಸು ಇಲ್ಲವೋ?

ಮೊದಲೇ ಹೇಳಿಬಿಡುತ್ತೇನೆ

ಇದು ಹೊಗೆಸೊಪ್ಪಿನ ಜಾಹೀರಾತಲ್ಲ. ನಾನು ಹತ್ತು ವರ್ಷ ಸೇದಿ, ಕಷ್ಟಪಟ್ಟು ಬಿಟ್ಟವನು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಸಿಗಾರಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತೇವೆ, ಆದ್ದರಿಂದ ಅಪಾಯವಿಲ್ಲ ಎನ್ನುವುದು ಶುದ್ಧ ಸುಳ್ಳು. ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಅದರ ಜೊತೆಗೆ ಮದ್ಯ ಸೇರಿದರೆ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಒಂದಕ್ಕೊಂದು ಕೂಡುವುದಿಲ್ಲ, ಗುಣಾಕಾರವಾಗುತ್ತದೆ. ‘ಜೋಡಿ’ ಎಂದು ನಾವು ಚಪ್ಪರಿಸುವುದು ಇದೇ ಎರಡರ ಜೋಡಿಯನ್ನು ಎಂಬುದು ನೆನಪಿರಲಿ. ನಂಬಿಕೆ ಬಾರದಿದ್ದರೆ ಒಂದು ಬೆಳಿಗ್ಗೆ ಕಿದ್ವಾಯಿ ಆಸ್ಪತ್ರೆಯ ಕಾರಿಡಾರಿನಲ್ಲಿ ಅರ್ಧ ಗಂಟೆ ಕೂತು ಬನ್ನಿ.

ಕಾನೂನೂ ಇದೆ. ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದಕ್ಕೆ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧ. ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ತಂಬಾಕು ಮಾರುವ ಹಾಗಿಲ್ಲ. ಅಭ್ಯಾಸ ಇಲ್ಲದವರು ಇದನ್ನು ಓದಿ ಶುರು ಮಾಡಬೇಡಿ.

ಆದರೆ ಸೇದುವವರು ಸೇದುತ್ತಲೇ ಇದ್ದಾರೆ, ಕುಡಿಯುವವರು ಕುಡಿಯುತ್ತಲೇ ಇದ್ದಾರೆ. ಹೊಗೆ ಬಾಯಿಗೆ ಹೋದ ಕೂಡಲೇ ಕನ್ನಡ ಹೊರಗೆ ಬೀಳುವುದೇಕೆ? ನನ್ನ ಪ್ರಶ್ನೆ ಅದು.

ಜೋಡಿ ಎಂದರೇನು?

‘ಪೇರಿಂಗ್’ ಎಂಬ ಪದ ಕೇಳಿ ಬೆವರಬೇಡಿ. ಮುದ್ದೆಗೆ ಬಸ್ಸಾರು ಯಾಕೆ, ಜೋಳದ ರೊಟ್ಟಿಗೆ ಎಣ್ಣೆಗಾಯಿ ಯಾಕೆ, ಖಾರಾಬಾತಿನ ಪಕ್ಕ ಕೇಸರಿಬಾತ್ ಯಾಕೆ ಎಂದು ನಿಮ್ಮ ಅಜ್ಜಿಯನ್ನು ಕೇಳಿ. ಅದೇ ಪೇರಿಂಗ್! ಅಜ್ಜಿಗೆ ಅದು ‘ಹೊಂದಿಕೆ’. ಅವಳ ಲೆಕ್ಕದಲ್ಲಿ ಎರಡೇ ಸೂತ್ರ. ಒಂದು, ಬಲಕ್ಕೆ ಬಲ ಸಮನಾಗಬೇಕು, ಒಂದು ಇನ್ನೊಂದನ್ನು ನುಂಗಬಾರದು. ಎರಡು, ರುಚಿ ಒಂದೇ ದಾರಿಯಲ್ಲಿ ನಡೆಯಬೇಕು, ಇಲ್ಲವೇ ಚೌಚೌ ಬಾತಿನ ಹಾಗೆ ಎದುರುಬದುರಾಗಿ ನಿಂತು ಒಂದರ ಬೆಲೆ ಇನ್ನೊಂದು ಹೆಚ್ಚಿಸಬೇಕು.

ಈಗ ಸಿಗಾರು ನೋಡಿ. ಒಳಗೆ ಹೂರಣ, ಅದನ್ನು ಬಿಗಿದು ಕಟ್ಟುವ ಎಲೆ, ಮೇಲೆ ಹೊದಿಕೆ ಎಲೆ. ಹೋಳಿಗೆ ತಿಂದವರಿಗೆ ಇದನ್ನು ವಿವರಿಸಬೇಕೇ? ವ್ಯತ್ಯಾಸ ಏನೆಂದರೆ ಇಲ್ಲಿ ಹೊದಿಕೆಯೂ ಹೂರಣದಷ್ಟೇ ರುಚಿ ಕೊಡುತ್ತದೆ. ಕೊಯ್ದ ಎಲೆಯನ್ನು ಒಣಗಿಸಿ, ರಾಶಿ ಹಾಕಿ, ತನ್ನ ಬಿಸಿಗೆ ತಾನೇ ಹುದುಗಲು ಬಿಡುತ್ತಾರೆ. ರಾಶಿ ಬಿಸಿಯಾದಂತೆ ಎಲೆಯಲ್ಲಿರುವ ಅಮೋನಿಯಾ ಹೊರಹೋಗುತ್ತದೆ, ಹಸಿ ಘಾಟು ಇಳಿಯುತ್ತದೆ. ಕನೆಕ್ಟಿಕಟ್ ಎಂಬ ಬಗೆಯ ಎಲೆಯನ್ನು ಬಟ್ಟೆಯ ಚಪ್ಪರದ ನೆರಳಲ್ಲಿ ಬೆಳೆಯುತ್ತಾರೆ. ಅದು ತೆಳು, ಹೊಂಬಣ್ಣ, ಸೌಮ್ಯ. ಒಣಹುಲ್ಲಿನ ವಾಸನೆ, ಕೆನೆಯ ನುಣುಪು. ‘ಮಾದುರೋ’ ಎಂದರೆ ಸ್ಪ್ಯಾನಿಷಿನಲ್ಲಿ ‘ಮಾಗಿದ್ದು’. ಹೆಚ್ಚು ಕಾಲ, ಹೆಚ್ಚು ಬಿಸಿಯಲ್ಲಿ ಹುದುಗಿದ ಎಲೆ. ಕಪ್ಪು ಬಣ್ಣ, ಜೋನಿಬೆಲ್ಲದ ಅಂಚಿನ ಸಿಹಿ, ಹುರಿದ ಕಾಫಿಬೀಜದ ಕಹಿ, ಕೊನೆಯಲ್ಲಿ ಕರಿಮೆಣಸಿನ ಕಾವು.

ಬಿಯರ್? ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ, ಒಣಗಿಸಿ, ಕುದಿಸಿ ಹುಳಿ ಬರಿಸಿದ್ದು. ಮೊಳಕೆ ರಾಗಿಯ ಹುರಿಹಿಟ್ಟು ಗೊತ್ತಿರುವ ನಾಡಿಗೆ ಇದೇನು ಹೊಸ ವಿದ್ಯೆಯೇ? ಮೊಳಕೆ ಕಾಳನ್ನು ಬರಿದೆ ಒಣಗಿಸಿದರೆ ತಿಳಿ ಬಿಯರು, ಕರಿಯಾಗುವ ತನಕ ಹುರಿದರೆ ಸ್ಟೌಟ್ ಎಂಬ ಕಪ್ಪು ಬಿಯರು. ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ತಿಳಿ ಬಿಯರಿನ ಒಂದು ಮನೆತನಕ್ಕೆ ಪಿಲ್ಸ್ನರ್ ಎಂಬ ಹೆಸರಿದೆಯಲ್ಲ, ಅದು ಇಂದಿನ ಚೆಕ್ ದೇಶದ ಪಿಲ್ಸೆನ್ ಊರಿನ ಹೆಸರು. ಅಲ್ಲಿನ ಜನ ತಮ್ಮೂರಿನ ಬಿಯರು ಕೆಟ್ಟಿತೆಂದು ರೊಚ್ಚಿಗೆದ್ದು, ತಾವೇ ಸೇರಿ ಭಟ್ಟಿ ಕಟ್ಟಿ, 1842ರಲ್ಲಿ ಹೊಸ ಬಿಯರು ಇಳಿಸಿದರು. ಲೋಕವೆಲ್ಲ ಕುಡಿಯುವ ಹೊಂಬಣ್ಣದ ಬಿಯರಿನ ಮೂಲ ಅದು. ಮೈಸೂರು ಪಾಕಿಗೆ ಮೈಸೂರು ಇದ್ದ ಹಾಗೆ.

ಇನ್ನು ಜೋಡಿ ನೀವೇ ಹಾಕಬಲ್ಲಿರಿ. ಸೌಮ್ಯ ಎಲೆಗೆ ಪಿಲ್ಸ್ನರ್ ಅಥವಾ ಗೋಧಿ ಬಿಯರು. ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ಘಮ ಬರುತ್ತದೆ. ಹಣ್ಣು, ಮಸಾಲೆ ಹಾಕಿದ್ದರಿಂದಲ್ಲ, ಯೀಸ್ಟಿನಿಂದಲೇ ಬರುವುದು. ಕಪ್ಪು ಮಾದುರೋಗೆ ಸ್ಟೌಟ್, ಹುರಿದದ್ದಕ್ಕೆ ಹುರಿದದ್ದು. ಹಾಪ್ಸಿನ ಕಹಿ ಜಾಸ್ತಿಯಿರುವ ಐಪಿಎ ಬಿಯರಿಗೆ ಜೋಪಾನ! ಖಾರದ ಸಿಗಾರಿನ ಜೊತೆ ಸೇರಿದರೆ ಕಹಿಯ ಮೇಲೆ ಕಹಿ ಬಿದ್ದು ನಾಲಿಗೆ ಹಾಗಲಕಾಯಿಯಾಗುತ್ತದೆ. ಬಿಯರಿನ ಗುಳ್ಳೆಗಳ ಕೆಲಸ ಹೊಗೆಯ ಜಿಡ್ಡನ್ನು ನಾಲಿಗೆಯಿಂದ ತೊಳೆಯುವುದು. ಸಿಗಾರು ನಿಮಿಷಕ್ಕೆ ಒಂದು ಸಲ ಎಳೆದರೆ ಸಾಕು. ಬೇಗ ಎಳೆದರೆ ಕೆಂಡ ಕಾದು ಸೀದ ವಾಸನೆ ಬರುತ್ತದೆ. ಬಿಯರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ರುಚಿಯೇ ಗೊತ್ತಾಗುವುದಿಲ್ಲ.

ಈಗ ಆ ತಾರಸಿಗೆ ಬನ್ನಿ. ನಮ್ಮ ವೀರರು ಹಚ್ಚಿದ್ದು ಕಡುಗಪ್ಪು ಮಾದುರೋ. ಕುಡಿಯುತ್ತಿದ್ದದ್ದು ಐಸಿನಲ್ಲಿ ಹೂತಿಟ್ಟ ತಿಳಿ ಲಾಗರ್. ಹೊಗೆ ಬಿಯರನ್ನು ನುಂಗಿ ಹಾಕಿತ್ತು, ಬಿಯರು ಬರೀ ತಣ್ಣೀರಾಗಿತ್ತು. ಇದಕ್ಕೆ ‘ಪರ್ಫೆಕ್ಟ್ ಪೇರಿಂಗ್’ ಎಂಬ ಸರ್ಟಿಫಿಕೇಟು! ಕನ್ನಡದಲ್ಲಿ ಯೋಚಿಸಿದ್ದರೆ ಹುಡುಗನ ಬಾಯಿಂದ ‘ಲೋ, ಬಿಯರು ಚಪ್ಪೆ ಆಗೋಯ್ತು’ ಎಂಬ ಸತ್ಯ ಹೊರಬರುತ್ತಿತ್ತು. ನೋಡಿದಿರಾ, ಎರವಲು ಭಾಷೆ ಮೊದಲು ಕಸಿಯುವುದು ನಮ್ಮ ಪದವನ್ನಲ್ಲ, ನಮ್ಮ ನಾಲಿಗೆಯ ಮೇಲೆ ನಮಗಿರುವ ನಂಬಿಕೆಯನ್ನು.

ಸಿಗಾರ್ ಸುತ್ತುವವರು ಏನು ಕೇಳಿದರು ಗೊತ್ತೇ?

ನನ್ನ ಅಕ್ಕನ ಮಗ ಮೂರು ವರ್ಷದಿಂದ ಟ್ಯಾಂಪಾದಲ್ಲಿದ್ದಾನೆ. ಆ ಊರಿನಲ್ಲಿ ಸಿಗಾರು ಸಿಗುವ ಅಂಗಡಿಗಳೆಲ್ಲ ಗೊತ್ತು. ಸಿಗಾರಿನಿಂದಲೇ ಊರಾದ ಊರು ಅದು ಎಂದು ಮಾತ್ರ ಗೊತ್ತಿರಲಿಲ್ಲ. ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಕತೆ ಶುರುವಾಗುವುದು ಕ್ಯೂಬಾದ ಹವಾನಾದಲ್ಲಿ. ಸಿಗಾರು ಸುತ್ತುವ ಕೆಲಸ ಕೈಗೆ ದಣಿವು, ಕಿವಿಗೆ ಬಿಡುವು. 1865ರಲ್ಲಿ ಎಲ್ ಫಿಗಾರೋ ಎಂಬ ಕಾರ್ಖಾನೆಯ ಕಾರ್ಮಿಕರು ಒಂದು ಏರ್ಪಾಡು ಮಾಡಿಕೊಂಡರು. ನೂರಾರು ಜನ ಕೂತು ಎಲೆ ಸುತ್ತುತ್ತಿದ್ದರೆ, ಒಬ್ಬ ಎತ್ತರದ ಜಾಗದಲ್ಲಿ ಕೂತು ಗಟ್ಟಿಯಾಗಿ ಓದುವುದು. ಅವನಿಗೆ ‘ಲೆಕ್ತೋರ್’ ಎಂದು ಹೆಸರು, ಅಂದರೆ ಓದುವವನು. ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ. ಅವನ ಸಂಬಳ ಮಾಲೀಕ ಕೊಡುತ್ತಿರಲಿಲ್ಲ. ಕಾರ್ಮಿಕರು ತಮ್ಮ ಕೂಲಿಯಲ್ಲಿ ಕಾಸು ಕಾಸು ಹಾಕಿ ಕೊಡುತ್ತಿದ್ದರು! ಯಾವ ಪುಸ್ತಕ ಓದಬೇಕೆಂದು ಅವರೇ ವೋಟು ಹಾಕುತ್ತಿದ್ದರು. ಓದು ಹಿಡಿಸಿದರೆ ಎಲೆ ಕತ್ತರಿಸುವ ಬಾಗು ಕತ್ತಿಯನ್ನು ಮೇಜಿಗೆ ಕುಟ್ಟಿ ಮೆಚ್ಚುಗೆ ತೋರಿಸುತ್ತಿದ್ದರು. ಅಕ್ಷರ ಬಾರದವರೂ ವಿಕ್ಟರ್ ಹ್ಯೂಗೋನ ಕಾದಂಬರಿಗಳ ಬಗ್ಗೆ ಚರ್ಚೆ ಮಾಡುತ್ತಿದ್ದರು. ನೀವು ಇವತ್ತು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ ಮಾಂಟೆಕ್ರಿಸ್ಟೋ ಎಂಬ ಸಿಗಾರಿದೆಯಲ್ಲ, 1935ರಲ್ಲಿ ಹುಟ್ಟಿದ್ದು, ಅದರ ಹೆಸರು ಅಲೆಕ್ಸಾಂಡರ್ ಡ್ಯೂಮಾ ಬರೆದ ಕಾದಂಬರಿಯದು. ಆ ಕಾರ್ಖಾನೆ ಹಜಾರಗಳಲ್ಲಿ ಕಾರ್ಮಿಕರು ಮುಗಿಬಿದ್ದು ಕೇಳುತ್ತಿದ್ದ ಕತೆ.

ದೊರೆಗಳಿಗೆ ಇದು ಸಹಿಸಲಿಲ್ಲ. ಆಗ ಕ್ಯೂಬಾವನ್ನು ಆಳುತ್ತಿದ್ದ ಸ್ಪೇನಿನ ಅಧಿಕಾರಿಗಳು 1866ರಲ್ಲೇ ಈ ಓದನ್ನು ನಿಷೇಧಿಸಿದರು. ಕೂಲಿಕಾರ ಯೋಚಿಸಲು ಶುರು ಮಾಡಿದರೆ ಎಲ್ಲ ಕಾಲದ ದೊರೆಗಳಿಗೂ ಹೊಟ್ಟೆನೋವು! ಆದರೆ ಓದು ಸಾಯಲಿಲ್ಲ. ಕ್ಯೂಬಾದ ದಂಗೆಗಳ ಕಾಲದಲ್ಲಿ ಸಮುದ್ರ ದಾಟಿದ ಕಾರ್ಮಿಕರ ಜೊತೆ ಅದೂ ಅಮೆರಿಕಾಕ್ಕೆ ಹೋಯಿತು. 1880ರ ದಶಕದಲ್ಲಿ ವಿಸೆಂತೆ ಮಾರ್ತಿನೆಸ್ ಈಬೋರ್ ಎಂಬ ಕಾರ್ಖಾನೆದಾರ ಟ್ಯಾಂಪಾದ ಪಕ್ಕದಲ್ಲಿ ಒಂದು ಊರನ್ನೇ ಕಟ್ಟಿದ. ಅದೇ ಈಬೋರ್ ಸಿಟಿ. ಸಿಗಾರಿನ ಬೆನ್ನಿಗೇ ಅಲ್ಲಿ ಬಿಯರೂ ಬಂತು. 1890ರ ದಶಕದಲ್ಲಿ ಅದೇ ಈಬೋರ್ ಸಿಟಿಯಲ್ಲಿ ಫ್ಲಾರಿಡಾ ಬ್ರೂಯಿಂಗ್ ಕಂಪನಿ ಭಟ್ಟಿ ಹಾಕಿತು. ಅಲ್ಲಿನ ಬಿಯರು ಕ್ಯೂಬಾಕ್ಕೂ ಹಡಗಿನಲ್ಲಿ ಹೋಗುತ್ತಿತ್ತು. ಸಿಗಾರು, ಬಿಯರು ಎರಡೂ ದುಡಿಯುವವರ ಕೇರಿಯಲ್ಲಿ ಅಕ್ಕಪಕ್ಕ ಬೆಳೆದ ಮಕ್ಕಳು. ಸೂಟುಬೂಟಿನ ಕ್ಲಬ್ಬಿನಲ್ಲಿ ಹುಟ್ಟಿದವಲ್ಲ!

ಇನ್ನೊಂದು ವಿಷಯ ಕಿವಿಗೊಟ್ಟು ಕೇಳಿ. ಈಬೋರ್ ಸಿಟಿಗೆ ಇಟಲಿಯ ಸಿಸಿಲಿಯಿಂದಲೂ ಸಾವಿರಾರು ಜನ ದುಡಿಯಲು ಬಂದರು. ಕಾರ್ಖಾನೆಯ ಮಾತು ಸ್ಪ್ಯಾನಿಷ್, ಓದು ಸ್ಪ್ಯಾನಿಷ್. ಬಂದವರು ‘ನಮಗೆ ಗೊತ್ತಿಲ್ಲ’ ಎಂದು ಕೈಚೆಲ್ಲಿ ಕೂರಲಿಲ್ಲ, ಸ್ಪ್ಯಾನಿಷ್ ಕಲಿತರು. ಆ ನೆಲದ ಸರ್ಕಾರದ ಭಾಷೆ ಇಂಗ್ಲಿಷ್ ಆಗಿತ್ತು, ಸ್ಪ್ಯಾನಿಷ್ ಕೂಡ ವಲಸೆ ಬಂದ ಭಾಷೆಯೇ. ಆದರೂ ಕಲಿತರು. ಯಾಕೆ? ಆ ಭಾಷೆಯವರು ತಮ್ಮ ಭಾಷೆಯನ್ನು ನಾಚಿಕೆಯಿಲ್ಲದೆ, ಗಟ್ಟಿಯಾಗಿ, ದಿನವೂ ಬಳಸುತ್ತಿದ್ದರು. ಆಡುವ ಭಾಷೆಯನ್ನು ಜನ ಕಲಿಯುತ್ತಾರೆ, ಮುಚ್ಚಿಡುವ ಭಾಷೆಯನ್ನು ಯಾರು ಕಲಿತಾರು? ನಮ್ಮೂರಿಗೆ ಬಂದವರು ಕನ್ನಡ ಕಲಿಯುವುದಿಲ್ಲ ಎಂದು ಗುಡುಗುವ ನಾವು ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು.

1931ರ ನವೆಂಬರಿನಲ್ಲಿ ಟ್ಯಾಂಪಾದ ಮಾಲೀಕರು ಲೆಕ್ತೋರರನ್ನು ಹೊರಹಾಕಿದರು. ಕ್ರಾಂತಿಯ ವಿಚಾರ ಓದಿ ಕಾರ್ಮಿಕರ ತಲೆ ಕೆಡಿಸುತ್ತಾರೆ ಎಂಬುದು ಆಪಾದನೆ. ಅವರು ಕೂರುತ್ತಿದ್ದ ಅಟ್ಟಣಿಗೆಗಳನ್ನು ಕಿತ್ತುಹಾಕಿದರು. ಕಾರ್ಮಿಕರು ಕೆಲಸ ಬಿಟ್ಟು ಹೊರನಡೆದರು. ನೆನಪಿಡಿ, ಅದು ಅಮೆರಿಕಾದಲ್ಲಿ ಕೆಲಸವೇ ಸಿಗದಿದ್ದ ಮಹಾ ಆರ್ಥಿಕ ಕುಸಿತದ ಕಾಲ. ಆಗಲೂ ತಮ್ಮ ಭಾಷೆಯ ಓದಿಗಾಗಿ ಕೂಲಿ ಬಿಟ್ಟು ಬೀದಿಗಿಳಿದರು. ಸೋತರು. ಲೆಕ್ತೋರನ ಜಾಗಕ್ಕೆ ರೇಡಿಯೋ ಬಂತು. ಆದರೆ ಕ್ಯೂಬಾದ ಕಾರ್ಖಾನೆಗಳಲ್ಲಿ ಇವತ್ತಿಗೂ ಆ ಓದು ನಡೆದಿದೆ.

ಹೇಳಿ ಗೆಳೆಯರೇ, ಕೂಲಿ ಹೋದರೂ ಸರಿ ನನ್ನ ಭಾಷೆ ಕಿವಿಗೆ ಬೀಳಬೇಕು ಎಂದವರ ಪರಂಪರೆಯ ಸಿಗಾರನ್ನು ಬಾಯಲ್ಲಿಟ್ಟುಕೊಂಡು, ಕೂಲಿಯೂ ಹೋಗದೆ, ಯಾರೂ ಕೇಳದೆ, ನಾವೇ ಸ್ವಂತ ಇಚ್ಛೆಯಿಂದ ನಮ್ಮ ಭಾಷೆಯನ್ನು ಕೆಳಗಿಡುತ್ತೇವಲ್ಲ, ಇದಕ್ಕೇನೆನ್ನಬೇಕು?

ನಮ್ಮ ಮನೆಯ ಪದವೇ ಪರದೇಶ ಸುತ್ತಿತು

‘ಇದೆಲ್ಲ ವಿದೇಶದ ಸರಕು, ವಿದೇಶದ ಭಾಷೆಯೇ ಸರಿ’ ಎನ್ನುವವರಿಗೆ ಒಂದು ಮಾತು. ಸಿಗಾರಿನ ತಮ್ಮನಿಗೆ ಇಂಗ್ಲಿಷಿನಲ್ಲಿ ‘ಚಿರೂಟ್’ ಎನ್ನುತ್ತಾರೆ. ಆ ಪದ ಎಲ್ಲಿಯದು? ತಮಿಳಿನ ‘ಸುರುಟ್ಟು’. ಸುತ್ತಿದ್ದು, ಸುರುಳಿ ಮಾಡಿದ್ದು. ಕನ್ನಡದ ‘ಸುರುಟು’, ‘ಸುರುಳಿ’ ಅದೇ ಬೇರಿನ ಚಿಗುರುಗಳು. ನಮ್ಮ ದ್ರಾವಿಡ ಹಟ್ಟಿಯ ಪದವೊಂದು ತಿರುಚಿನಾಪಳ್ಳಿಯ ಚುಟ್ಟಾದ ಜೊತೆ ಹಡಗು ಹತ್ತಿ, ಇಂಗ್ಲಿಷ್ ನಿಘಂಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದೆ. 1887ರಲ್ಲಿ ಬಂದ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲೇ ಪತ್ತೇದಾರ ಮಹಾಶಯ ಕೊಲೆಗಾರನ ಸುಳಿವು ಹಿಡಿಯುವುದು ತಿರುಚಿನಾಪಳ್ಳಿ ಚುಟ್ಟಾದ ಬೂದಿಯಿಂದ. ಅವರು ನಮ್ಮ ಪದ ಒಯ್ದು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾವು ನಮ್ಮ ಪದವನ್ನೇ ಕಂಡು ಪರಿಚಯವಿಲ್ಲದವರ ಹಾಗೆ ನಿಂತಿದ್ದೇವೆ!

ಹವಾನಾದ ಓದಿಗೂ ನಮ್ಮ ಪಕ್ಕದ ಮನೆಯಲ್ಲಿ ಒಂದು ಜೊತೆ ಇದೆ. ಕೇರಳದ ಕಣ್ಣೂರಿನ ಬೀಡಿ ಕಾರ್ಮಿಕರೂ ತಮ್ಮಲ್ಲೊಬ್ಬನನ್ನು ಕೂರಿಸಿ ಮಲಯಾಳಂ ಪತ್ರಿಕೆ ಓದಿಸಿಕೊಂಡು ಬೀಡಿ ಕಟ್ಟುತ್ತಿದ್ದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಕೇರಳ ಸರ್ಕಾರ ಜಾರಿಗೆ ತಂದಾಗ ಮಂಗಳೂರಿನ ಬೀಡಿ ಮಾಲೀಕರು ಅಲ್ಲಿನ ಬಾಗಿಲು ಹಾಕಿಕೊಂಡು ಬಂದರು. ಬೀದಿಗೆ ಬಿದ್ದ ಕಾರ್ಮಿಕರು 1969ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ಅದೇ ದಿನೇಶ್ ಬೀಡಿ. ಅಲ್ಲೂ ಓದು ಮುಂದುವರಿಯಿತು. ನಮ್ಮ ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು ಒಬ್ಬೊಬ್ಬರೇ ಮನೆಯ ಜಗಲಿಯಲ್ಲಿ ಕೂತರು. ಒಂದೇ ಸೂರಿನಡಿ ಸೇರಿ ಓದು ಕೇಳುವ ಭಾಗ್ಯ ಅವರಿಗೆ ಬರಲಿಲ್ಲ. ತಾರಸಿಯ ಮೇಲೆ ಸಿಗಾರು ಹಿಡಿದವನು ತನ್ನ ರಾಜ್ಯದ ಈ ಕೈಗಳನ್ನು ಒಮ್ಮೆ ನೆನೆದರೆ ಅವನ ಗತ್ತು ಸ್ವಲ್ಪ ಇಳಿದೀತು.

ಬೋರ್ಡು ಕನ್ನಡವಾಯಿತು, ಮೇಜು?

ಬೆಂಗಳೂರಿಗೆ ಬಿಯರು ಹೊಸತಲ್ಲ. 1915ರಲ್ಲಿ ಥಾಮಸ್ ಲೀಶ್ಮನ್ ಎಂಬಾತ ದಕ್ಷಿಣದ ಐದು ಭಟ್ಟಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಇವತ್ತು ಯುಬಿ ಸಿಟಿ ಎಂಬ ಗಾಜಿನ ಗೋಪುರಗಳಿರುವ ಜಾಗದಲ್ಲಿ ಹಿಂದೆ ಬಿಯರಿನ ಕಾರ್ಖಾನೆಯೇ ಇತ್ತು. ಎಂಬತ್ತರ ದಶಕದಲ್ಲಿ ಪಬ್ಬುಗಳು ಬಂದವು, ‘ಪಬ್ ಸಿಟಿ’ ಎಂಬ ಬಿರುದು ಬಂತು. 2010ರ ನಂತರ ಕಣ್ಣೆದುರೇ ಬಿಯರು ಇಳಿಸುವ ಪುಟ್ಟ ಭಟ್ಟಿಗಳು ಬಂದವು. ರಾಗಿಯಿಂದಲೂ ಬಿಯರು ಮಾಡುವವರಿದ್ದಾರೆ. ಆದರೆ ಆ ರಾಗಿ ಬಿಯರಿನ ವಿವರಣೆಯೂ ಮೆನುವಿನಲ್ಲಿ ಇಂಗ್ಲಿಷಿನಲ್ಲೇ! ರಾಗಿಗೂ ಟೈ ಕಟ್ಟಿಸಿಬಿಟ್ಟಿದ್ದಾರೆ.

ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಅದಕ್ಕಾಗಿ ಹುಡುಗರು ಬೀದಿಗಿಳಿದು, ಜೈಲಿಗೂ ಹೋಗಿ ಬಂದರು. ಬೋರ್ಡು ಹೊರಗಿನದು, ಅದಕ್ಕೆ ಕಾನೂನು ಸಾಕು. ಒಳಗಿನ ಮೇಜಿಗೆ ಕಾನೂನು ಬರಲಾರದು. ಅಲ್ಲಿ ನೀವೇ ಬೇಕು. ಬಿಯರು ತಂದಿಡುವ ಹುಡುಗ ಮದ್ದೂರಿನವನೋ ಹಾಸನದವನೋ ಆಗಿರುತ್ತಾನೆ. ನೀವು ಇಂಗ್ಲಿಷಿನಲ್ಲಿ ಕೇಳುತ್ತೀರಿ, ಅವನು ತಡವರಿಸಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಇಬ್ಬರು ಕನ್ನಡಿಗರು ಒಬ್ಬರಿಗೊಬ್ಬರು ಹೆದರಿಕೊಂಡು ಆಡುವ ನಾಟಕ! ‘ಸ್ಟೌಟ್ ಇದೆಯಾ ಗುರು? ತುಂಬ ತಣ್ಣಗೆ ಬೇಡ’ ಎಂದು ಒಮ್ಮೆ ಕೇಳಿ ನೋಡಿ. ಅವನ ಮುಖ ಅರಳುವುದನ್ನು ನೋಡಿ. ಮೆನುವಿನಲ್ಲಿ ಕನ್ನಡ ಎಲ್ಲಿ ಎಂದು ಮ್ಯಾನೇಜರನ್ನು ಕೇಳಿ. ಜಗಳ ಬೇಡ, ದುಡ್ಡು ಕೊಡುವ ಗಿರಾಕಿಯ ಹಕ್ಕಿನಿಂದ ಕೇಳಿ. ಒಬ್ಬ ಕೇಳಿದರೆ ನಗುತ್ತಾರೆ. ಐವತ್ತು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ.

ಸ್ಟೌಟ್, ಲಾಗರ್, ಸಿಗಾರ್ ಎಂಬ ಹೆಸರುಗಳನ್ನು ಕಷ್ಟಪಟ್ಟು ಸಂಸ್ಕೃತಕ್ಕೆ ತಿರುಗಿಸಿ ‘ಧೂಮವರ್ತಿಕಾ’ ಎನ್ನಿ ಎಂದು ನಾನು ಹೇಳುತ್ತಿಲ್ಲ. ಆ ಹಾಸ್ಯ ಬೇಡ. ಸರಕಿನ ಹೆಸರು ಸರಕಿನ ಜೊತೆ ಬರಲಿ. ಕಾಫಿ, ಬಸ್ಸು, ಬೆಂಚು ಬರಲಿಲ್ಲವೇ? ಆದರೆ ರುಚಿ ನನ್ನದು, ನಾಲಿಗೆ ನನ್ನದು. ಅದು ಹೇಗಿದೆ ಎಂದು ಹೇಳುವ ಮಾತು ನನ್ನದೇ ಆಗಿರಬೇಕು.

ಮತ್ತೆ ಆ ತಾರಸಿಗೆ...

ಬಕೆಟ್ಟಿನ ತಳ ತಡಕಿದಾಗ ಎರಡು ಕ್ಯಾನ್ ಸ್ಟೌಟ್ ಸಿಕ್ಕಿತು. ಹೊರಗೆ ತೆಗೆದಿಟ್ಟು ಕಾಲು ಗಂಟೆ ಕಾಯಿರಿ ಎಂದೆ. ಕಾದರು. ಗ್ಲಾಸಿಗೆ ಸುರಿದಾಗ ಕಪ್ಪಗೆ, ಮೇಲೆ ಕಂದು ನೊರೆ. ‘ಈಗ ಕುಡಿದು ಹೇಳಿ. ಇಂಗ್ಲಿಷ್ ಆಡಿದವನು ನಾಳೆ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು’ ಎಂದೆ.

ಮೊದಲು ನಕ್ಕರು. ಆಮೇಲೆ ಯೋಚನೆಗೆ ಬಿದ್ದರು. ಒಬ್ಬ, ‘ಹುರಿಹಿಟ್ಟಿಗೆ ಬೆಲ್ಲ ಜಾಸ್ತಿ ಕಾಯಿಸಿ ಹಾಕಿದ ಹಾಗಿದೆ’ ಅಂದ. ‘ಇಲ್ಲ ಕಣೋ, ಡಿಕಾಕ್ಷನ್ ತಳದಲ್ಲಿ ಉಳಿಯೋ ಗಷ್ಟು’ ಅಂತ ಇನ್ನೊಬ್ಬ. ‘ಹೊಸ ಚಪ್ಪಲಿ ಡಬ್ಬ ತೆಗೆದಾಗ ಬರೋ ವಾಸನೆ’ ಎಂದ ಮತ್ತೊಬ್ಬ, ಅವನೇ ಮೊದಲು ‘ಲೆದರ್’ ಅಂದಿದ್ದವನು. ‘ಪದ ಎಲ್ಲಿದೆ’ ಎಂದು ಕೇಳಿದ ಹುಡುಗ ಮಾತ್ರ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಹೇಳಿದ, ‘ತೀರ್ಥಹಳ್ಳಿ ಹತ್ರ ನಮ್ಮಜ್ಜಿ ಮನೆ ಅಂಕಲ್. ಮಳೆಗಾಲದಲ್ಲಿ ಬಚ್ಚಲ ಹಂಡೆ ಒಲೆ ಮೇಲ್ಗಡೆ ಅಡಿಕೆ, ಕಟ್ಟಿಗೆ ಎಲ್ಲಾ ಒಣಗ್ಲಿಕ್ಕೆ ಹಾಕಿರ್ತಿದ್ರು. ಅಲ್ಲಿನ ವಾಸನೆ ಇದು.’

ಯಾರೂ ಮಾತಾಡಲಿಲ್ಲ. ಎಲ್ಲರಿಗೂ ಆ ವಾಸನೆ ಮೂಗಿಗೆ ಬಂದ ಹಾಗಿತ್ತು. ‘ಸೀಡರ್’ ಎಂಬ ಪದ ಅವನನ್ನು ಎಂದಾದರೂ ಅಜ್ಜಿಯ ಬಚ್ಚಲಿಗೆ ಕರೆದುಕೊಂಡು ಹೋಗುತ್ತಿತ್ತೇ? ಸೀಡರ್ ಮರವನ್ನು ಅವನು ನೋಡಿಯೇ ಇಲ್ಲ!

ಆ ಹುಡುಗ ಉಳಿದ ಅರ್ಧ ಸಿಗಾರನ್ನು ಬೂದಿಬಟ್ಟಲಿನಲ್ಲೇ ಬಿಟ್ಟ. ‘ಯಾಕೋ?’ ಎಂದೆ. ‘ಅಜ್ಜಿಗೆ ಫೋನ್ ಮಾಡಿ ಮೂರು ತಿಂಗಳಾಯ್ತು’ ಎನ್ನುತ್ತ ಎದ್ದು ಮೂಲೆಗೆ ಹೋದ. ಸಿಗಾರು ತಾನಾಗಿಯೇ ಆರಿತು. ಒಳ್ಳೆಯ ಸಿಗಾರನ್ನು ಯಾರೂ ಹೊಸಕಿ ಆರಿಸುವುದಿಲ್ಲ, ಇಟ್ಟುಬಿಟ್ಟರೆ ತಾನೇ ಆರುತ್ತದೆ.

ಭಾಷೆಯೂ ಹಾಗೆಯೇ ಗೆಳೆಯರೇ. ಯಾರೂ ಹೊಸಕಬೇಕಾಗಿಲ್ಲ. ಎಳೆಯುವುದನ್ನು ಬಿಟ್ಟರೆ ಸಾಕು. ಸಿಗಾರು ಆರಿದರೆ ಆರಲಿ, ಒಳ್ಳೆಯದೇ ಆಯಿತು. ಕನ್ನಡ ಮಾತ್ರ ಆರದಿರಲಿ. ಮುಂದಿನ ಸಲ ಗ್ಲಾಸು ಎತ್ತುವಾಗ ‘ಚಿಯರ್ಸ್’ ಅನ್ನಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ ಗುಟುಕಿನ ನಂತರ ಬರುವ ಮಾತು ನಿಮ್ಮ ಅಜ್ಜಿಗೂ ತಿಳಿಯುವಂತಿರಲಿ!